ಹೊಗೆಸೊಪ್ಪಿನ ದರ, ಎರಡು ಸರ್ವರ್, ಒಂದು ಜಗಳ

ನನ್ನ ಮುದ್ದು ಅಪ್ಪಾ,

ಮದುವೆಯಾಗಿ ಇನ್ನೂ ಇಪ್ಪತ್ತೇ ದಿನ, ಆಗಲೇ ಗಂಡನ ಜೊತೆ ಜಗಳ! ಯಾವುದಕ್ಕೆ ಗೊತ್ತಾ? ಲೋಡ್ ಬ್ಯಾಲೆನ್ಸರಿಗೆ! ನಗಬೇಡ. ನಾವಿಬ್ಬರೂ ಸೇರಿ ಹುಣಸೂರಿನ ಹೊಗೆಸೊಪ್ಪಿನ ದಿನದ ದರ ತೋರಿಸುವ ವೆಬ್‌ಸೈಟ್ ಮಾಡಿದ್ದೇವೆ. ಬೆಳಿಗ್ಗೆ ಹರಾಜು ಶುರುವಾದರೆ ಸುತ್ತಲಿನ ಬ್ರೌಸಿಂಗ್ ಸೆಂಟರ್‌ಗಳೆಲ್ಲ ಒಟ್ಟಿಗೇ ನುಗ್ಗುತ್ತವೆ. ಅದಕ್ಕೇ ಎರಡು ಸರ್ವರ್. ಬಂದವರನ್ನು ಅವೆರಡಕ್ಕೆ ಹಂಚಲು ಬಾಗಿಲಲ್ಲಿ ನಿಲ್ಲುವ ಸಾಫ್ಟ್‌ವೇರೇ ಈ ಲೋಡ್ ಬ್ಯಾಲೆನ್ಸರ್. ಮೊದಲ ದಿನವೇ ಪುಟ ತೆರೆಯದಿದ್ದರೆ ರೈತರು ಮತ್ತೆ ದಲ್ಲಾಳಿ ಹೇಳಿದ ದರಕ್ಕೇ ತಲೆಯಾಡಿಸುತ್ತಾರೆ. ಆಮೇಲೆ ನಮ್ಮನ್ನು ಯಾರು ನಂಬುತ್ತಾರೆ?

ಮೊನ್ನೆ ಪರೀಕ್ಷೆ ಮಾಡಿದ್ದು ನೆನೆದರೆ ಈಗಲೂ ನಗು. ನಾನು ಮೆಚ್ಚಿದ್ದು ಒಂದೇ ಪುಟದ ಸೆಟ್ಟಿಂಗ್ ಇರುವ ಪುಟ್ಟ ಬ್ಯಾಲೆನ್ಸರ್. ಇವರಿಗೆ ಸಕಲ ಸೌಲಭ್ಯಗಳ ದೊಡ್ಡದೇ ಬೇಕು. ನನ್ನದನ್ನು ಹಾಕಿ, ಒಂದು ಸರ್ವರ್ ಆಫ್ ಮಾಡಿ ನೋಡಿದೆವು. ಎರಡು ಸಲಕ್ಕೊಮ್ಮೆ ಬರೀ ಖಾಲಿ ಪುಟ!

"ನೋಡಿದ್ಯೇನೇ ನಿನ್ನ ಸಿಂಪಲ್ಲು? ಬೀಗ ಹಾಕಿದ ಮನೆಗೂ ನೆಂಟರನ್ನ ಕಳಿಸ್ತದೆ ಕಣೇ!" ಅಂದರು ಇವರು.

"ರೀ, ನಿಮ್ದನ್ನ ಓದಿ ಮುಗಿಸೋಷ್ಟರಲ್ಲಿ ಸೊಪ್ಪಿನ ಸೀಸನ್ನೇ ಮುಗಿಯುತ್ತೆ" ಅಂದೆ.

ಆಗಲೇ ನಿನ್ನ ಹಿಟ್ಟಿನ ಗಿರಣಿ ನೆನಪಾಯಿತು. ಸರದಿಗೆ ಬಂದ ಡಬ್ಬಗಳನ್ನು ನೀನು ಒಂದು ಈ ಮಿಷಿನ್ನಿಗೆ, ಒಂದು ಆ ಮಿಷಿನ್ನಿಗೆ ಇಡುತ್ತಿದ್ದೆ. ಒಂದು ದಿನ ಬೆಲ್ಟ್ ಕಳಚಿದ್ದನ್ನು ನೋಡದೆ ಪಕ್ಕದ ಬೀದಿಯ ಕೆಂಪಮ್ಮನ ಡಬ್ಬವನ್ನೂ ಅಲ್ಲೇ ಇಟ್ಟೆಯಲ್ಲ! "ಏನ್ ಗೌಡ್ರೇ, ನಿಂತೋಗಿರೋ ಮಿಷಿನ್ ಮುಂದೆ ಇಟ್ಟಿದ್ದೀರಲ್ಲ, ನನ್ ರಾಗಿ ಮೊಳಕೆ ಬರ್ಲಿ ಅಂತಲಾ?" ಅಂದಿದ್ದಳು. ಅಂದಿನಿಂದ ನೀನು ಪ್ರತಿ ಡಬ್ಬ ಇಡುವ ಮೊದಲೂ ಬೆಲ್ಟಿನತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ. ನಮ್ಮ ಪುಟ್ಟದಕ್ಕೂ ಅಷ್ಟು ಜಾಣತನ ಇರಬಹುದಲ್ಲವೇ, ಹುಡುಕಿದರೆ... ಇತ್ತು! ಸರ್ವರ್ ಬದುಕಿದೆಯೇ ಎಂದು ಕೇಳಿಕೊಂಡು ಕಳಿಸುವ ಒಂದೇ ಸಾಲು. ನಾವು ಬರೆದೇ ಇರಲಿಲ್ಲ. ಕೂಡಲೇ ಅದನ್ನು ಸೇರಿಸಿ, ಪುಟ್ಟದನ್ನೇ ಉಳಿಸಿಕೊಂಡೆವು.

ನಿನ್ನೆ ಹರಾಜಿನ ಮೊದಲ ದಿನ. ಬಿಳಿಕೆರೆಯ ರೈತರೊಬ್ಬರ ಫೋನ್ ಬಂತು. "ಅವ್ವಾ, ದಲ್ಲಾಳಿ ಏಳಿದ್ದೇ ಬ್ಯಾರೆ, ನಿಮ್ದ್ರಲ್ಲಿ ಈಗ ನೋಡ್ದೆ, ಇರೋದೇ ಬ್ಯಾರೆ! ಅವ್ನಿಗೆ ಕೊಡಲ್ಲ ಅಂದ್ಬುಟ್ಟೆ ಕಣವ್ವಾ. ಗಾಡಿ ಹರಾಜು ಕಟ್ಟೆಗೆ ಒಂಟದೆ."

ಫೋನ್ ಇಟ್ಟು ತಿರುಗಿದರೆ ಇವರು ಪರದೆಯತ್ತ ಬೆರಳು ತೋರಿಸುತ್ತಿದ್ದಾರೆ. ಒಂದು ಸರ್ವರ್ ಸತ್ತು ಆಗಲೇ ಅರ್ಧ ಗಂಟೆಯಾಗಿತ್ತು ಅಪ್ಪಾ! ಊರೂರೇ ದರ ನೋಡುತ್ತಿತ್ತು, ಯಾರಿಗೂ ಗೊತ್ತೇ ಆಗಿರಲಿಲ್ಲ.

ನಿನ್ನ ಮಗಳು