ಕತ್ತರಿಸಿ ಕಳಿಸಬೇಕಾದ ಹನ್ನೊಂದು ಸೆಕೆಂಡು

ಮಾನ್ಯ ಶೋಕಪಾಲನಾ ಸಮಿತಿಯ ಅಧ್ಯಕ್ಷರೇ,

ನಮ್ಮೂರಿನ ದುಃಖವನ್ನು ನಮಗೆ ವಾಪಸು ಕೊಡಿ ಎಂದು ಕೇಳಲು ಈ ಪತ್ರ. ಹತ್ತು ತಿಂಗಳಿಂದ ಅದು ನಿಮ್ಮ ಕಚೇರಿಯ ವಶದಲ್ಲಿದೆ. ಅದರ ಜೊತೆಗೆ ಒಂದು ಹಾಸ್ಯಚಿತ್ರವೂ ನಿಮ್ಮ ಸೀಸದ ಮುದ್ರೆ ಹೊತ್ತು ನನ್ನ ಥಿಯೇಟರಿನಲ್ಲಿ ಏಳು ತಗಡಿನ ಡಬ್ಬಿಗಳಲ್ಲಿ ಬಿದ್ದಿದೆ. ಹೋದ ವಾರ ತಾವು ಕಳಿಸಿದ ಆದೇಶದ ಪ್ರಕಾರ, ನಾಲ್ಕನೆಯ ರೀಲಿನಿಂದ ಹನ್ನೊಂದು ಸೆಕೆಂಡುಗಳನ್ನು ನಾನೇ ಕತ್ತರಿಸಿ, ಲಕೋಟೆಯಲ್ಲಿಟ್ಟು ಕೈರೋಗೆ ಕಳಿಸಿದರೆ ಬಿಡುಗಡೆಗೆ ತಮ್ಮ ಅಭ್ಯಂತರವಿಲ್ಲವಂತೆ. ನನಗೆ ಅಭ್ಯಂತರವಿದೆ. ಅದನ್ನು ಪತ್ರಿಕೆಯಲ್ಲಿ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮಿಸಿ. ನೇರವಾಗಿ ಬರೆದ ಆರು ಅರ್ಜಿಗಳಿಗೂ ಸದಸ್ಯರೆಲ್ಲ ದುಃಖದಲ್ಲಿರುವುದರಿಂದ ಸಭೆ ಸೇರಿಲ್ಲ ಎಂಬ ಒಂದೇ ಉತ್ತರ ಬಂದಿದೆ.

ಕಫ್ರ್ ಸಫ್ಸಾಫಿನ ಕಡವಿನಲ್ಲಿ ದೋಣಿ ಮುಳುಗಿದ್ದು ಈದ್ ಹಬ್ಬಕ್ಕೆ ಮೂರು ದಿನ ಇದ್ದಾಗ. ದೋಣಿ ಎಳೆಯುವ ಹಗ್ಗದ ಬದಲು ಕಟ್ಟಿದ್ದ ತುಕ್ಕು ಹಿಡಿದ ತಂತಿ ನದಿಯ ನಡುವೆ ಕಿತ್ತುಕೊಂಡಿತು. ಒಂಬತ್ತು ಜನ ಹೋದರು. ಆ ಸಂಜೆ ನಾನು ಯಾರ ಸುತ್ತೋಲೆಗೂ ಕಾಯದೆ ಥಿಯೇಟರಿನ ಬಾಗಿಲು ಹಾಕಿದೆ, ಹಬ್ಬದ ಚಿತ್ರದ ದೊಡ್ಡ ಪೋಸ್ಟರಿನ ಮೇಲೆ ಹೆಂಡತಿಯ ಕಪ್ಪು ಹೊದಿಕೆ ಎಳೆದೆ. ಹೀರೋನ ಹಲ್ಲು ಮಾತ್ರ ಹೊದಿಕೆಯ ಕೆಳಗೆ ಕಾಣುತ್ತಿತ್ತು, ಅದನ್ನೂ ರಟ್ಟಿನಿಂದ ಮುಚ್ಚಿದೆ. ಸಾವಾದ ಊರಿನಲ್ಲಿ ನಗೆಯ ಸಿನಿಮಾ ನಿಲ್ಲಬೇಕೇ ಎಂದು ಯಾರಾದರೂ ಕೇಳಿದರೆ ನಿಲ್ಲಬೇಕು ಎನ್ನುವವರಲ್ಲಿ ನಾನೂ ಒಬ್ಬ. ನನ್ನ ಜಗಳ ಅದು ಯಾವಾಗ ಮತ್ತೆ ಶುರುವಾಗಬೇಕು, ಅದನ್ನು ಯಾರು ಹೇಳಬೇಕು ಎಂಬುದರ ಬಗ್ಗೆ.

ನಿಮ್ಮ ಸುತ್ತೋಲೆ ಬಂದದ್ದು ನಾಲ್ಕನೆಯ ದಿನ. 'ಮನರಂಜನೆಯ ಸ್ವರೂಪದ ಎಲ್ಲ ಹೊಸ ಬಿಡುಗಡೆಗಳು' ನಲವತ್ತು ದಿನ ಸ್ಥಗಿತ. ಒಳ್ಳೆಯದು. ಆ ಸಂಜೆ ಚಹಾದಂಗಡಿಯ ಟೀವಿಯಲ್ಲಿ ನೋಡಿದರೆ, ಮೂಲೆಯಲ್ಲಿ ಕಪ್ಪು ಪಟ್ಟಿ, ನಡುವೆ ಜಾಹೀರಾತಿನ ತುಪ್ಪದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಸೊಂಟ ಕುಣಿಸುವ ನಾಲ್ವರು ಹೆಣ್ಣುಮಕ್ಕಳು. ನಾನು ನಿಮ್ಮ ಕಚೇರಿಗೆ ಫೋನು ಮಾಡಿ ವಿನಯದಿಂದಲೇ ವಿಚಾರಿಸಿದೆ. ಗುಮಾಸ್ತರು ಅಷ್ಟೇ ವಿನಯದಿಂದ, "ತುಪ್ಪ ಮಾಹಿತಿ ಇಲಾಖೆಗೆ ಬರುತ್ತೆ ಉಸ್ತಾದ್. ನಗು ಮಾತ್ರ ನಮ್ಮದು" ಎಂದರು. ಅವರ ತಪ್ಪೇನಿಲ್ಲ, ಅವರಿಗೆ ಕೊಟ್ಟ ಕೆಲಸವೇ ಅದು. ಎಂಟನೆಯ ದಿನ ಇನ್ನೊಂದು ಬಿಡುಗಡೆಯಾಯಿತು, ಅದಕ್ಕೆ ನಿಮ್ಮ ಅಡ್ಡಿ ಇರಲಿಲ್ಲ. ಮುಳುಗಿದ ದೋಣಿಯನ್ನು ಎತ್ತಿ, ಹಸಿರು ಬಣ್ಣ ಬಳಿದು, ಅದೇ ತಂತಿಗೆ ಗಂಟು ಹಾಕಿ ನದಿಗೆ ಬಿಟ್ಟರು. ಜನ ಹತ್ತಿದರು, ಬೇರೆ ದಾರಿ ಇಲ್ಲವಲ್ಲ. ಒಂಬತ್ತು ಜನರನ್ನು ಕೊಂದ ದೋಣಿಗೆ ಒಂದು ವಾರದ ಸೂತಕ, ಯಾರನ್ನೂ ಕೊಲ್ಲದ ಸಿನಿಮಾಕ್ಕೆ ಹತ್ತು ತಿಂಗಳು. ಈ ಲೆಕ್ಕಾಚಾರದ ಸೂತ್ರ ನಿಮ್ಮ ಕಡತದಲ್ಲಿ ಎಲ್ಲಿದೆ ಎಂದು ತಿಳಿಯುವ ಕುತೂಹಲ ನನಗಿದೆ.

ಹತ್ತು ತಿಂಗಳು ಹೇಗಾಯಿತೆಂದು ಓದುಗರು ಕೇಳಬಹುದು. ನಲವತ್ತು ದಿನ ಮುಗಿಯಲು ಐದು ದಿನ ಇದ್ದಾಗ ದಕ್ಷಿಣದ ಯಾವುದೋ ಊರಿನಲ್ಲಿ ಗೋದಾಮಿಗೆ ಬೆಂಕಿ ಬಿತ್ತು. ದಿನಗಳ ಎಣಿಕೆ ಮತ್ತೆ ಒಂದರಿಂದ ಶುರು. ಅದು ಮುಗಿಯುವ ಮೊದಲು ಒಂದು ಗೋಡೆ ಕುಸಿಯಿತು. ಆಮೇಲೆ ಎರಡು ಬಸ್ಸುಗಳು ಡಿಕ್ಕಿ ಹೊಡೆದವು. ದೇಶ ದೊಡ್ಡದು ಸ್ವಾಮಿ, ದೇವರು ಯಾರನ್ನೂ ಮರೆಯುವುದಿಲ್ಲ. ಸತತ ನಲವತ್ತು ದಿನ ಯಾರಿಗೂ ಏನೂ ಆಗದ ಮುಹೂರ್ತಕ್ಕೆ ಕಾಯುವುದಾದರೆ ನಮ್ಮ ಮೊಮ್ಮಕ್ಕಳು ನಗುವುದನ್ನು ಪುಸ್ತಕ ನೋಡಿ ಕಲಿಯಬೇಕಾದೀತು.

ಸೂತಕದ ಮನೆಯ ಪಕ್ಕದಲ್ಲಿ ಮದುವೆ ಬಂದರೆ ನಮ್ಮ ಓಣಿಗಳಲ್ಲಿ ಏನು ಮಾಡುತ್ತೇವೆಂಬುದು ನಿಮಗೂ ಗೊತ್ತಿರಬೇಕು, ನೀವೂ ಯಾವುದಾದರೂ ಓಣಿಯಲ್ಲೇ ಹುಟ್ಟಿರುತ್ತೀರಿ. ಮದುವೆಯ ಮನೆಯವರು ಸಾವಾದ ಮನೆಗೆ ಹೋಗುತ್ತಾರೆ. ಸಕ್ಕರೆಯಿಲ್ಲದ ಕಾಫಿ ಕುಡಿದು ತಲೆ ತಗ್ಗಿಸಿ ಕೂರುತ್ತಾರೆ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಆ ಮನೆಯವರಿಗೇ ಅರ್ಥವಾಗಿ, ನಿಮ್ಮ ಸಂತೋಷ ನಿಲ್ಲಿಸಬೇಡಿ ಎನ್ನಬೇಕು. ಮದುವೆಯ ದಿನ ಕರಿಬಟ್ಟೆ ಉಟ್ಟ ಆ ಮನೆಯ ಹೆಂಗಸೇ ಬಾಗಿಲಲ್ಲಿ ನಿಂತು, ನಾಲಿಗೆ ಆಡಿಸಿ ಸಂಭ್ರಮದ ಮೊದಲ ಝಗ್ರೂತದ ಕೂಗು ಹಾಕುತ್ತಾಳೆ. ಆಮೇಲೆ ಡೋಲು ಬಾರಿಸಿದರೆ ಯಾರೂ ಕೆಮ್ಮುವ ಹಾಗಿಲ್ಲ.

ನಾನೂ ಹಾಗೆಯೇ ಒಂಬತ್ತು ಮನೆಗಳಿಗೆ ಹೋದೆ, ಒಂಬತ್ತು ಕಹಿ ಕಾಫಿ ಕುಡಿದೆ. ಎಂಟು ಮನೆಯವರು ಒಪ್ಪಿದರು. ತೀರಿಕೊಂಡ ಗಣಿತದ ಮೇಷ್ಟ್ರ ಹೆಂಡತಿ ಅನಿಸಾ ಮಾತ್ರ ಒಪ್ಪಲಿಲ್ಲ. "ಬಾಗಿಲ ಹತ್ರ ಅವರ ಚಪ್ಪಲಿ ಹಾಗೇ ಇದೆ ಉಸ್ತಾದ್. ಪಕ್ಕದ ಬೀದೀಲಿ ಜನ ನಗೋದು ಕೇಳಿದ್ರೆ ನನ್ ಕೈಲಿ ತಡ್ಕೊಳ್ಳಕ್ಕಾಗಲ್ಲ. ಸ್ವಲ್ಪ ದಿನ ತಡೀರಿ" ಎಂದರು. ತಡೆದೆ. ಆ ಒಬ್ಬ ಹೆಂಗಸು ಬೇಡ ಎನ್ನುವಷ್ಟು ದಿನ ನಿಮ್ಮ ಆದೇಶವಿಲ್ಲದಿದ್ದರೂ ನಾನು ಡಬ್ಬಿ ಮುಟ್ಟುತ್ತಿರಲಿಲ್ಲ. ಐವತ್ತನೆಯ ದಿನ ಅವರೇ ಹೇಳಿಕಳಿಸಿದರು. ಒಂಬತ್ತು ಮನೆಯವರ ಸಹಿ, ಹೆಬ್ಬೆಟ್ಟುಗಳನ್ನು ಅರ್ಜಿಗಳ ಜೊತೆಗಲ್ಲದೆ ಬೇರೆಯಾಗಿ ನಿಮಗೆ ಕಳಿಸಿದೆ. ಬಂದ ಉತ್ತರವನ್ನು ಚೌಕಟ್ಟು ಹಾಕಿಸಿ ಟಿಕೆಟ್ ಕಿಟಕಿಯ ಮೇಲೆ ತೂಗುಹಾಕಿದ್ದೇನೆ: 'ಮೃತರ ಕುಟುಂಬದವರಿಗೆ ಶೋಕವನ್ನು ಮುಕ್ತಾಯಗೊಳಿಸುವ ಅಧಿಕಾರ ಇರುವುದಿಲ್ಲ.'

ಇನ್ನು ಆ ಹನ್ನೊಂದು ಸೆಕೆಂಡುಗಳ ವಿಷಯ.

ಚಿತ್ರದ ಒಂದು ಭಾಗವನ್ನು ನಮ್ಮೂರಿನಲ್ಲೇ ತೆಗೆದರು. ನಟರ ಬಟ್ಟೆಗಳ ಇಸ್ತ್ರಿಗೆ ಶಹಾತನನ್ನು ಕರೆದರು. ನಮ್ಮ ಬೀದಿಯ ಇಸ್ತ್ರಿಯವನು, ಉದ್ದ ಮುಖ, ದೊಡ್ಡ ಕಿವಿ. ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಉಗುಳುವಾಗಲೂ ಏನೋ ತಮಾಷೆ ಹೇಳಲು ಹೋಗಿ ಗಿರಾಕಿಗಳ ಮೇಲೆ ಎರಚುತ್ತಿದ್ದ. ನಿರ್ದೇಶಕರು ಆ ಮುಖ ನೋಡಿ ಸಾವಿನ ಮನೆಯ ದೃಶ್ಯದಲ್ಲಿ ಕೂರಿಸಿದರು. ಸುಮ್ಮನೆ ಕಾಫಿ ಕುಡಿ ಎಂದಿದ್ದರು. ಇವನು ಒಂದು ಗುಟುಕು ಕುಡಿದು, ಮುಖ ಕಿವುಚಿ, ಸತ್ತವನ ಮಗನ ಕಡೆ ಬಗ್ಗಿ, "ಹೋಗಿದ್ದು ನಿಮ್ಮಪ್ಪನಾ, ಸಕ್ಕರೆನಾ?" ಎಂದು ಕೇಳಿಬಿಟ್ಟ. ಎಲ್ಲರೂ ನಕ್ಕರು, ದೃಶ್ಯ ಹಾಗೇ ಉಳಿಯಿತು. ಅಲ್ಲಿಂದಾಚೆ ಅವನು ನಮ್ಮೂರಿನ ನಟ. ಹಬ್ಬದ ದಿನ ಮೊದಲ ಆಟಕ್ಕೆ ಇಡೀ ಓಣಿಯನ್ನು ಕರೆದಿದ್ದ. ಮೂರು ದಿನ ಮೊದಲು ಇಸ್ತ್ರಿ ಮಾಡಿದ ಬಟ್ಟೆಗಳ ಗಂಟು ಹೊತ್ತು ಆಚೆ ದಡಕ್ಕೆ ಹೊರಟವನು ಆ ದೋಣಿ ಹತ್ತಿದ.

ಅವನ ತಾಯಿಯನ್ನು ನಾವೆಲ್ಲ ಉಮ್ಮ್ ಶಹಾತ ಎನ್ನುತ್ತೇವೆ. ಆಕೆಯ ಬಳಿ ಮಗನದೆಂದು ಇರುವುದು ಹತ್ತೊಂಬತ್ತನೆಯ ವಯಸ್ಸಿನ ಒಂದು ಸೇನೆಯ ಗುರುತಿನ ಚೀಟಿಯ ಫೋಟೋ. ಅದರಲ್ಲೂ ಠಸ್ಸೆ ಬಿದ್ದು ಅರ್ಧ ಮುಖ ನೀಲಿ. ಅವನ ದನಿ ಎಲ್ಲೂ ಇಲ್ಲ. ಅವನು ನಡೆದಾಡುವುದು, ಮಾತಾಡುವುದು ಈ ಭೂಮಿಯ ಮೇಲೆ ಉಳಿದಿರುವುದು ನನ್ನ ನಾಲ್ಕನೆಯ ಡಬ್ಬಿಯಲ್ಲಿ ಮಾತ್ರ. ದಿನಾ ಬೆಳಿಗ್ಗೆ ರೊಟ್ಟಿ ಅಂಗಡಿಯ ಸಾಲಿನಿಂದ ಬರುವಾಗ ಥಿಯೇಟರಿನ ಮೆಟ್ಟಿಲ ಹತ್ತಿರ ನಿಂತು, ಕಾಗದ ಬಂತಾ ಎಂದು ಕೇಳುತ್ತಾಳೆ. ಹತ್ತು ತಿಂಗಳಿಂದ ನಾನು ಅವಳ ಮುಖ ನೋಡದೆಯೇ 'ಇಲ್ಲ' ಎಂದಿದ್ದೇನೆ.

ಹೋದ ವಾರ ಕಾಗದ ಬಂತು. ಸಾವಿನ ಮನೆಯನ್ನು ಗೇಲಿ ಮಾಡುವ ಆ ಹನ್ನೊಂದು ಸೆಕೆಂಡು 'ದೋಣಿ ದುರಂತದಲ್ಲಿ ಮಡಿದವರ ಕುಟುಂಬಗಳ ಭಾವನೆಗೆ ಧಕ್ಕೆ ತರುವಂಥದ್ದು' ಎಂದು ತಾವು ತೀರ್ಮಾನಿಸಿದ್ದೀರಿ. ಅಂದರೆ ಶಹಾತ ಸತ್ತ ದುಃಖದಲ್ಲಿರುವ ತಾಯಿಗೆ ನೋವಾಗಬಾರದೆಂದು ಶಹಾತನನ್ನು ಕತ್ತರಿಸಬೇಕು. ಇದನ್ನು ಐದು ಸಲ ಓದಿದೆ. ನಗಬೇಕೆನ್ನಿಸಿತು, ಆದರೆ ಅದಕ್ಕೆ ನಿಮ್ಮ ಅನುಮತಿ ಇಲ್ಲ.

ನಿಜ ಹೇಳಿಬಿಡುತ್ತೇನೆ, ನನಗೆ ಭಯವಾಯಿತು. ಥಿಯೇಟರಿನ ಲೈಸೆನ್ಸು ನಿಮ್ಮ ಕೈಯಲ್ಲಿದೆ. ತಾಯಿಗೆ ಒಂದು ಸಲ ತೋರಿಸಿ ಕತ್ತರಿಸಿಬಿಡೋಣ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ನಿಮ್ಮ ಸೀಸದ ಮುದ್ರೆ ಒಡೆದೆ. ಉಮ್ಮ್ ಶಹಾತಳನ್ನು ಖಾಲಿ ಹಾಲಿನ ಮೂರನೆಯ ಸಾಲಿನಲ್ಲಿ ಕೂರಿಸಿ, ಮೇಲೆ ಹೋಗಿ ನಾಲ್ಕನೆಯ ರೀಲು ಹಾಕಿದೆ. ಅವನು ಬಂದ. ಗುಟುಕರಿಸಿದ. ಮುಖ ಕಿವುಚಿದ. ಕೇಳಿದ. ಕೆಳಗಿನಿಂದ ಒಂದು ನಗು ಕೇಳಿತು, ಚಿಕ್ಕದು, ತಡೆದುಕೊಂಡದ್ದು. "ಇನ್ನೊಂದ್ ಸಲ ಹಾಕಪ್ಪಾ" ಎಂದಳು. ಆರು ಸಲ ಹಾಕಿದೆ. ಆರನೆಯದಾದ ಮೇಲೆ ಗೋಡೆ ಹಿಡಿದುಕೊಂಡು ಪ್ರೊಜೆಕ್ಟರ್ ಕೋಣೆಗೆ ಹತ್ತಿ ಬಂದಳು. ಮೇಜಿನ ಮೇಲೆ ನಿಮ್ಮ ಲಕೋಟೆ, ಅದರ ಮೇಲೆ ಕತ್ತರಿ. ಅವಳಿಗೆ ಓದಲು ಬರುವುದಿಲ್ಲ. ಕತ್ತರಿ ಯಾತಕ್ಕೆ ಎಂದು ಕೇಳಿದಳು. ಹೇಳಿದೆ.

"ಒಂದ್ಸಲ ನೀರು ತಗೊಂಡ್ ಹೋಯ್ತು ಲುತ್ಫಿ. ಅದಕ್ಕೆ ಕಣ್ಣಿರಲಿಲ್ಲ, ಬಿಟ್ಬಿಟ್ಟೆ. ನಿನಗಿದೆ" ಎಂದಳು.

ಆದ್ದರಿಂದ ಅಧ್ಯಕ್ಷರೇ, ನಾನು ಕತ್ತರಿಸುವುದಿಲ್ಲ. ಆದೇಶ ಹಿಂತೆಗೆದುಕೊಳ್ಳಿ. ಇನ್ನು ಮುಂದೆ ಸತ್ತವರ ಮನೆಯವರ ಹೆಸರಿನಲ್ಲಿ ಏನನ್ನಾದರೂ ನಿಲ್ಲಿಸುವ ಮೊದಲು, ಅವರದೊಂದು ಬಾಗಿಲನ್ನಾದರೂ ತಟ್ಟಿ. ನೀವು ಹಿಂತೆಗೆದರೂ, ತೆಗೆಯದಿದ್ದರೂ ಬರುವ ಗುರುವಾರ ಮಧ್ಯಾಹ್ನ ಮೂರಕ್ಕೆ ಒಂಬತ್ತು ಮನೆಯವರು ಥಿಯೇಟರಿನ ಮುಂದೆ ಸೇರುತ್ತಾರೆ. ಅನಿಸಾ ಕೂಡ ಬರುತ್ತೇನೆಂದಿದ್ದಾರೆ. ಉಮ್ಮ್ ಶಹಾತ ಬಾಗಿಲಲ್ಲಿ ನಿಂತು ಝಗ್ರೂತದ ಕೂಗು ಹಾಕುತ್ತಾಳೆ. ಅದಾದ ಮೇಲೆ ಆ ಬಾಗಿಲು ಮುಚ್ಚುವ ಅಧಿಕಾರ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ತಡೆಯಲೇಬೇಕೆಂದಿದ್ದರೆ ಪೊಲೀಸರನ್ನು ಕಳಿಸಬೇಡಿ, ನೀವೇ ಬನ್ನಿ. ಬಂದು ಆ ತಾಯಿಯ ಎದುರು ನಿಂತು, ಅವಳ ಮಗನಿಗಾಗಿ ಅವಳಿಗಿಂತ ಹೆಚ್ಚು ದುಃಖ ನಿಮಗಿದೆ ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಹತ್ತು ತಿಂಗಳು ಸರ್ಕಾರಿ ದುಃಖಕ್ಕೆ ಕಾವಲು ಕೂತು, ಈಗ ಮುದ್ರೆ ಒಡೆದ ಅಪರಾಧಿ,
ಲುತ್ಫಿ ಅಶ್ರಿ
ಸಿನೆಮಾ ಫಿರ್ದೌಸ್, ಕಫ್ರ್ ಸಫ್ಸಾಫ್