ರದ್ದಿಗೆ ಹೋದ ತೆಳು ಪುಸ್ತಕ

ಗದಗ, ಶಕ ೨೨೩೧, ಹದಿಮೂರನೆಯ ತಿಂಗಳ ನಾಲ್ಕು. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಸೇರಿಸಿದರು.

ಕಂಪ್ಯೂಟರ್ ಕಲಿಯಲು ಮೊದಲ ಪುಸ್ತಕ ಹುಡುಕುತ್ತ ಅಂಗಡಿಯಲ್ಲಿ ನಿಂತಿರುವ ನಿಮಗೆ, ಸುಮಾರು ಮುನ್ನೂರು ವರ್ಷ ಮುಂದಿನಿಂದ ದಾನಮ್ಮನ ನಮಸ್ಕಾರ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದಲೇ ಕಲಿತವಳು ನಾನು.

ನನ್ನ ಸೋದರತ್ತೆ ನೀಲವ್ವ ಉಸಿರುಪೆಟ್ಟಿಗೆಯ ನೆರವಿನಿಂದ ಬದುಕಿದ್ದಾಳೆ. ಎದೆ ಸೋತವರ ಪರವಾಗಿ ಗಾಳಿ ಎಳೆದು ಬಿಡುವ ಯಂತ್ರವದು. ನಮ್ಮ ಓಣಿಯಲ್ಲೇ ನಾಲ್ಕೈದಿವೆ. ಅದನ್ನು ಮಾಡಿದವರು ಈಗಿಲ್ಲ, ಒಳಗಿನ ಪ್ರೋಗ್ರಾಂ ಓದಬಲ್ಲವರೂ ಇಲ್ಲ. ಈಚೆಗೆ ಅತ್ತೆಯದು ನಡುನಡುವೆ ತಡೆದು ನಿಲ್ಲುತ್ತದೆ. ತಟ್ಟಿದರೆ ಮತ್ತೆ ಶುರುವಾಗುತ್ತದೆ. ಎಷ್ಟು ದಿನ ಅಂತ ತಟ್ಟುವುದು? ನಾನೇ ಕಲಿತು ಸರಿಮಾಡುತ್ತೇನೆಂದು ಹಟ ಹಿಡಿದೆ.

ಪುಸ್ತಕಗಳಿಗೇನೂ ಬರವಿಲ್ಲ. ಊರ ಪುಸ್ತಕಮನೆಯ ನೆಲಮಾಳಿಗೆಯಲ್ಲಿ ನಿಮ್ಮ ಕಾಲದ ದಪ್ಪ ದಪ್ಪ ಗ್ರಂಥಗಳು ಗೋಡೆ ತುಂಬ ಇವೆ. ಒಂದನ್ನು ತೆರೆದರೆ ಮೊದಲ ಪುಟದಲ್ಲೇ ‘ಓದುಗರಿಗೆ ಈಗಾಗಲೇ ತಿಳಿದಿರುವಂತೆ’ ಎನ್ನುತ್ತದೆ. ಅಯ್ಯೋ ಮಹರಾಯರೇ, ತಿಳಿದಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ! ಇನ್ನೊಂದೂ ಹಾಗೆಯೇ. ಏನೂ ಅರಿಯದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಂತ್ರಕ್ಕೆ ಒಂದು ಮಾತು ಹೇಳುವುದು ಹೇಗೆ, ಅದನ್ನೇ ಹತ್ತು ಸಲ ಮಾಡಿಸುವುದು ಹೇಗೆ, ತಪ್ಪಾದರೆ ಎಲ್ಲಿ ನೋಡಬೇಕು ಎಂದು ಹೇಳಿಕೊಡುವ ತೆಳು ಪುಸ್ತಕ ಮಾತ್ರ ಒಂದೂ ಇಲ್ಲ. ನೀವೆಲ್ಲ ಕಲಿತಾದ ಮೇಲೆ ಅದನ್ನು ರದ್ದಿಗೆ ಹಾಕಿ, ದೊಡ್ಡದನ್ನು ಕಾಪಾಡಿ ಇಟ್ಟಿದ್ದೀರಿ.

ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ಕೂತು ಅರ್ಥವಾಗದ್ದನ್ನೇ ಓದುತ್ತೇನೆ. ‘ಯಾಕವಾ ದಾನಿ, ನನ್ನ ಉಸರು ನಿಂತ ಮ್ಯಾಲೆ ಓದಿ ಮುಗಸ್ತಿ ಏನ?’ ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ, ಆಮೇಲೆ ಹಿತ್ತಲಿಗೆ ಹೋಗಿ ಅಳುತ್ತೇನೆ. ಆ ತೆಳು ಪುಸ್ತಕಕ್ಕಾಗಿ ನನ್ನ ಜೀವ ಎಷ್ಟು ಹಂಬಲಿಸುತ್ತದೆಂದು ಹೇಗೆ ಹೇಳಲಿ! ‘ಹೆದರಬೇಡ, ಇನ್ನೊಮ್ಮೆ ಮಾಡು’ ಎಂದು ಅದನ್ನು ಬರೆದವರು ಹೇಳುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತೇನೆ.

ಆದ್ದರಿಂದ ದಪ್ಪ ನೋಡಿ ಮರುಳಾಗಬೇಡಿ. ಏನೂ ಗೊತ್ತಿಲ್ಲದವರಿಗೆಂದೇ ಬರೆದದ್ದನ್ನು ಆರಿಸಿ. ಇದೆಲ್ಲ ನನಗೆ ಬರುತ್ತದಲ್ಲ ಎನಿಸಿದ ದಿನ ಅದನ್ನು ಗದಗಿನ ಪುಸ್ತಕಮನೆಗೆ ಕೊಡಿ, ನಿಮಗೆ ಕೈಮುಗಿಯುತ್ತೇನೆ. ನೀವು ಕೊಟ್ಟಿದ್ದೇ ನಿಜವಾದರೆ ಅದು ಇಲ್ಲಿನ ಕಪಾಟಿನಲ್ಲಿ ಇರಲೇಬೇಕು. ದಿನಾ ಬೆಳಗ್ಗೆ ನೆಲಮಾಳಿಗೆಗೆ ಇಳಿದು ನೋಡುತ್ತೇನೆ. ಇವತ್ತೂ ಇರಲಿಲ್ಲ. ಅತ್ತೆಗೆ ಇನ್ನೂ ಉಸಿರಿದೆ, ನಾಳೆಯೂ ಇಳಿದು ನೋಡುತ್ತೇನೆ.