ಗಾಜಿನ ಮೇಲೆ ನಾನಿಟ್ಟ ಚುಕ್ಕಿ

ತಾರೀಕು ಹದಿನಾಲ್ಕು, ಸೋಮವಾರ ಬೆಳಿಗ್ಗೆ

ನನ್ನ ಮುದ್ದಿನ ಗುಬ್ಬಿಗೆ,

ನಿನ್ನ ಅಕ್ಕನ ಆಶೀರ್ವಾದ. ಇವತ್ತು ನನಗೆ ಉಪವಾಸ. ನೀರು ತುಂಬಿಸಿ, ಮನೆ ಗುಡಿಸಿ ಒರೆಸಿ, ದೇವರಿಗೆ ದೀಪ ಹಚ್ಚಿ, ಬಟ್ಟೆ ಒಣಹಾಕಿ ಕೂತಿದ್ದೇನೆ. ಒಲೆಯ ಕೆಲಸ ಇಲ್ಲದ್ದರಿಂದ ಆಸ್ಪತ್ರೆಗೆ ಹೊರಡುವ ಮೊದಲು ಒಂದು ಗಂಟೆ ಉಳಿಯಿತು.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಭುಜದ ಮಚ್ಚೆ ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದರಲ್ಲಿ ಏನೂ ಇಲ್ಲ ಅಂತ ಹೋದ ಬುಧವಾರ ಬಂದ ರಿಪೋರ್ಟು ತಪ್ಪು. ನೀನು ಇನ್ನೊಂದು ಸಲ ಬರಬೇಕು, ಈ ಗುರುವಾರವೇ. ಎದೆ ಒಡೆದುಕೊಳ್ಳಬೇಡ, ಪೂರ್ತಿ ಓದು. ಇದನ್ನು ಫೋನಿನಲ್ಲೂ ಹೇಳಬಹುದಿತ್ತು. ಆದರೆ ನೀನು ನನ್ನ ಮಾತನ್ನು ನಡುವೆಯೇ ತುಂಡು ಮಾಡುತ್ತೀಯ, ಅಷ್ಟರಲ್ಲಿ ನನ್ನ ಧೈರ್ಯ ಜಾರಿಹೋಗುತ್ತದೆ.

ನಮ್ಮ ಲ್ಯಾಬಿಗೆ ಹೊಸ ಮಿಷನ್ ಬಂದದ್ದು ನಿನಗೆ ಹೇಳಿದ್ದೆನಲ್ಲ. ಮೊದಲೆಲ್ಲ ರೋಗಿಯಿಂದ ತೆಗೆದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಗೆ ಅಂಟಿಸಿ ಕೊಡುತ್ತಿದ್ದರು. ನಾನು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಮೇಲಿನ ಮಹಡಿಗೆ ಹೊರುತ್ತಿದ್ದೆ. ದೊಡ್ಡ ಡಾಕ್ಟರಮ್ಮ ಕತ್ತು ಬಗ್ಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಅನುಮಾನ ಬಂದರೆ ಗಾಜನ್ನು ಹತ್ತಿಯಲ್ಲಿ ಸುತ್ತಿ ಬೇರೆ ಊರಿನ ಡಾಕ್ಟರಿಗೆ ಕಳಿಸಿ ಎರಡು ವಾರ ಕಾಯಬೇಕು. ಕಾಯುವವರ ಮುಖ ನೋಡಲಾಗುತ್ತಿರಲಿಲ್ಲ. ಈಗ ಮಿಷನ್ನು ಗಾಜಿನ ಫೋಟೋ ತೆಗೆದು ಪರದೆಯ ಮೇಲೆ ಅಂಗೈ ಅಗಲ ಹರಡುತ್ತದೆ. ಎಲ್ಲಿ ಅನುಮಾನವೋ ಅಲ್ಲಿ ತಾನೇ ಕೆಂಪು ಗೆರೆ ಹಾಕಿ ತೋರಿಸುತ್ತದೆ. ಬೇರೆ ಊರಿನ ಡಾಕ್ಟರು ಅದೇ ಹೊತ್ತಿಗೆ ಅಲ್ಲಿ ಕೂತು ನೋಡಬಹುದು. ನಮ್ಮ ಟೆಕ್ನಿಷಿಯನ್, ಬಾಯಿ ಮುಚ್ಚದ್ದಕ್ಕೆ ರೇಡಿಯೋ ಅಂತ ಹೆಸರು ಬಿದ್ದವನು, ಇನ್ನು ನಿಮಗೆ ಮೆಟ್ಟಿಲು ಹತ್ತೋ ಭಾಗ್ಯ ಇಲ್ಲ ದೊಡ್ಡಮ್ಮ ಅಂತ ನನ್ನನ್ನು ರೇಗಿಸಿದ. ನಿನ್ನ ಬಾಯಿಗೂ ಒಂದು ಮಿಷನ್ ಬರಲಪ್ಪ ಅಂದೆ.

ಈಗ ನನ್ನ ಕೆಲಸ ಗಾಜು ಒರೆಸುವುದು. ಡಾಕ್ಟರುಗಳು ಯಾವ ಜಾಗವನ್ನು ಇನ್ನೊಮ್ಮೆ ನೋಡಬೇಕೋ ಅಲ್ಲಿ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಾರೆ. ಇಲ್ಲಿ ನೋಡಿ ಅಂತ ಗುರುತು. ಮಿಷನ್ನಿಗೆ ಹಾಕುವ ಮೊದಲು ಆ ಚುಕ್ಕಿಗಳನ್ನೆಲ್ಲ ಸ್ಪಿರಿಟ್ ಹಚ್ಚಿ ಒರೆಸಬೇಕು. ಯಾಕೆ ಒರೆಸಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕನ್ನಡಕ ಒರೆಸುವ ಹಾಗೆ ಅಂದುಕೊಂಡೆ.

ನಿನ್ನ ಗಾಜು ನನ್ನ ಕೈಗೆ ಬಂತು ಗುಬ್ಬಿ. ಮೇಲೆ ನಿನ್ನ ಹೆಸರು, ವಯಸ್ಸು. ನಡುವೆ ಗುಲಾಬಿ ಬಣ್ಣದ ಒಂದು ಚೂರು. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ಆ ಮಚ್ಚೆ ಎಳ್ಳಿನಷ್ಟಿದ್ದಾಗಿಂದ ನೋಡಿದವಳು. ಗಾಜು ಚೆನ್ನಾಗಿ ಒರೆಸಿದೆ. ಒರೆಸಿ ಆದಮೇಲೆ ಡಾಕ್ಟರಮ್ಮನ ನೀಲಿ ಪೆನ್ನು ತಗೊಂಡು ಆ ಚೂರಿನ ಅಂಚಿನ ಮೇಲೆ ಸಾಸಿವೆಯಷ್ಟು ಒಂದು ಚುಕ್ಕಿ ಇಟ್ಟೆ. ಡಾಕ್ಟರಿಗೆ ಅಲ್ಲ, ದೇವರಿಗೆ. ಇಲ್ಲಿ ನೋಡಪ್ಪಾ, ಇವಳು ನನ್ನವಳು ಅಂತ.

ಮರುದಿನ ರಿಪೋರ್ಟು ಚೆನ್ನಾಗಿ ಬಂತು. ಪರದೆಯ ಮೇಲೆ ಒಂದು ಕೆಂಪು ಗೆರೆಯೂ ಇರಲಿಲ್ಲವಂತೆ. ದೇವರು ನೋಡಿದ ಅಂತ ಕೈಮುಗಿದೆ. ನೀನು ಫೋನಿನಲ್ಲಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಅದಾದಮೇಲೆ ರೇಡಿಯೋ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಮಿಷನ್ನಿನ ಪಾಠ ಮಾಡಿದ. ಗಾಜಿನ ಮೇಲೆ ಶಾಯಿ ಉಳಿದರೆ ಮಿಷನ್ನಿನ ಕಣ್ಣು ಶಾಯಿಗೇ ಅಂಟಿಕೊಳ್ಳುತ್ತದಂತೆ, ಅದರ ಕೆಳಗಿನದು ಮಂಜಾಗಿ ಬಿಡುತ್ತದಂತೆ. ಮನುಷ್ಯ ನೋಡುವಾಗ ಗಾಜು ಎತ್ತಿ ಹೆಬ್ಬೆರಳಿನಲ್ಲಿ ಶಾಯಿ ಉಜ್ಜಿ ಮತ್ತೆ ನೋಡುತ್ತಿದ್ದ. ಮಿಷನ್ನಿಗೆ ಹೆಬ್ಬೆರಳಿಲ್ಲ. ಕೂಡಲೇ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ.

ಅವರು ನಿನ್ನ ಗಾಜು ಹುಡುಕಿಸಿ ತಾವೇ ಒರೆಸಿದರು. ಹಳೆಯ ಮೈಕ್ರೋಸ್ಕೋಪಿನ ಮುಂದೆ ಕೂತರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಮಿಷನ್ನಿಗೂ ಹಾಕಿಸಿದರು. ಚುಕ್ಕಿ ಇದ್ದ ಜಾಗದಲ್ಲೇ ಕೆಂಪು ಗೆರೆ ಬಂತು. ಬೇರೆ ಊರಿನ ಡಾಕ್ಟರೂ ಅರ್ಧ ಗಂಟೆಯಲ್ಲಿ ಹೌದು ಅಂದರು. ತೆಗೆದ ಚರ್ಮದ ಅಂಚಿನಲ್ಲಿ ಕೆಟ್ಟ ಕಣಗಳಿವೆ. ಆದರೆ ಕೇಳು, ಮೇಲ್ಮೇಲೆ ಇವೆ, ಒಳಗೆ ಇಳಿದಿಲ್ಲ. ಸುತ್ತ ಇನ್ನೊಂದು ಬೆರಳಗಲ ತೆಗೆದರೆ ಸಾಕು. ನೀನು ರವಿಕೆ ಕತ್ತರಿಸುವಾಗ ಅಳತೆಗಿಂತ ಹೆಚ್ಚು ಅಂಚು ಬಿಡುತ್ತೀಯಲ್ಲ, ಮೊದಲ ಸಲ ಅಷ್ಟು ಬಿಟ್ಟಿರಲಿಲ್ಲ, ಅಷ್ಟೇ ಅಂತ ತಿಳಿ. ವರ್ಷಗಟ್ಟಲೆ ಹಾಗೇ ಬಿಟ್ಟಿದ್ದರೆ ಬೇರೆ ಮಾತು ಅಂದರು. ಆ ಬೇರೆ ಮಾತು ಏನು ಅಂತ ನಾನು ಕೇಳಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಡಾಕ್ಟರಮ್ಮ ನನ್ನನ್ನು ಕೂರಿಸದೆ ಮಾತಾಡಿದರು. ಬೇರೆ ಯಾರ ಗಾಜಿನ ಮೇಲೆ ಚುಕ್ಕಿ ಇಟ್ಟಿದ್ದೀ ಅಂತ ಕೇಳಿದರು. ಮಿಷನ್ ಬಂದಮೇಲೆ ನಿನ್ನದು ಸೇರಿ ಏಳು. ಬಾಣಂತಿಯದೊಂದು, ಒಬ್ಬ ಮುದುಕ ಮೇಷ್ಟರದೊಂದು, ಹೀಗೆ ಕರುಳು ಚುರ್ ಅಂದವರದು. ಏಳನ್ನೂ ಮತ್ತೆ ನೋಡಿದರು. ಉಳಿದ ಆರೂ ಸರಿಯಾಗಿದ್ದವು. ನಾನು ಅಳುತ್ತಾ ದೇವರಿಗೆ ತೋರಿಸೋಕೆ ಇಟ್ಟೆ ಅಂದೆ. ಅವರು ಸಿಟ್ಟಿನಲ್ಲಿ ಅನ್ನಲಿಲ್ಲ, ಮೆತ್ತಗೆ ಅಂದರು: "ದೇವರಿಗೆ ನೋಡೋಕೆ ಗಾಜು ಬೇಡಮ್ಮ. ನನಗೆ ಬೇಕು."

ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಏನು ನಡೆಯಿತು ಅಂತ ಬರೆದುಕೊಡು ಅಂದರು, ಬರೆದುಕೊಟ್ಟೆ. ಸದ್ಯ ಗಾಜು ಮುಟ್ಟುವ ಹಾಗಿಲ್ಲ, ಬಾಟಲಿ ತೊಳೆಯುತ್ತಿದ್ದೇನೆ. ಮುಂದೆ ಏನೋ ಗೊತ್ತಿಲ್ಲ. ಅದರ ಚಿಂತೆ ನೀನು ಮಾಡಬೇಡ.

ಅದನ್ನು ತೆಗೆಯಲು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಿನಗೆ ಸಮಯ ಕೊಟ್ಟಿದ್ದಾರೆ. ನಿನ್ನ ಯಜಮಾನರಿಗೆ ಎಲ್ಲ ಹೇಳು, ನನ್ನದೇ ತಪ್ಪು ಅಂತಲೂ ಹೇಳು. ಮದುವೆ ಮನೆಯವರ ಬಟ್ಟೆ ಒಪ್ಪಿಸಬೇಕು, ಮುಗಿಸಿ ಬರುತ್ತೇನೆ ಅಂತ ಹಟ ಹಿಡಿಯಬೇಡ. ಭುಜ ಇದ್ದರೆ ಹೊಲಿಗೆ. ರಾತ್ರಿಗೆ ನನ್ನ ಮನೆಯಲ್ಲೇ ಉಳಿ, ತಲೆ ಬಾಚುತ್ತೇನೆ.

ನಿನ್ನನ್ನು ಹೊತ್ತು ತಿರುಗಿದ
ಅಕ್ಕ

ಮರೆತ ಮಾತು: ಮೇಲೆ ಕೂಡಲೇ ಹೋಗಿ ಹೇಳಿದೆ ಅಂತ ಬರೆದಿದ್ದೇನೆ. ಕೂಡಲೇ ಅಲ್ಲ. ರೇಡಿಯೋ ಪಾಠ ಮಾಡಿದ್ದು ಗುರುವಾರ, ನಾನು ಹೇಳಿದ್ದು ಶನಿವಾರ. ಆ ಚುಕ್ಕಿಯ ಕೆಳಗೆ ಏನೂ ಇಲ್ಲದಿರಲಿ, ನನ್ನ ಕೆಲಸ ಉಳಿಯಲಿ ಅಂತ ಎರಡು ದಿನ ಪ್ರಾರ್ಥನೆ ಮಾಡಿದೆ. ಡಾಕ್ಟರಮ್ಮನ ಕೋಣೆ ನನ್ನ ಜಾಗದಿಂದ ಇಪ್ಪತ್ತು ಹೆಜ್ಜೆ. ಚುಕ್ಕಿ ಇಟ್ಟದ್ದಕ್ಕೆ ನೀನು ಕ್ಷಮಿಸುತ್ತೀಯ, ಗೊತ್ತು; ಈ ಎರಡು ದಿನಕ್ಕೆ ಕ್ಷಮಿಸುತ್ತೀಯೋ ಇಲ್ಲವೋ ತಿಳಿಯದು. ಸ್ಯಾಂಪಲ್ ಗಾಡಿಯ ಡ್ರೈವರಣ್ಣ ಇವತ್ತೇ ಈ ಕಾಗದ ತರುತ್ತಾನೆ. ಬುಧವಾರ ನಿಮ್ಮ ಕಡೆ ಮತ್ತೆ ಬಂದಾಗ ನಿನ್ನ ಅಂಗಡಿ ಮುಂದೆ ನಿಲ್ಲಿಸುತ್ತಾನೆ. ಬೈಯುವುದಿದ್ದರೆ ಬೈದೇ ಬರಿ, ಆದರೆ ಗುರುವಾರ ಬರುತ್ತೇನೆ ಅಂತ ಬರಿ. ಅವಳ ಉತ್ತರ ಕೈಗೆ ಬರೋ ತನಕ ಗಾಡಿ ತಿರುಗಿಸಬೇಡಪ್ಪ, ತಂದುಕೊಡು ಅಂತ ಅವನಿಗೆ ಕೈಮುಗಿದು ಕೇಳಿಕೊಂಡಿದ್ದೇನೆ.